ಮನೆ ತುಂಬ ನೆಂಟರಿದ್ದಾಗ ಮಗಳು ರಂಪ ಮಾಡುತ್ತಾಳೆ, ಏನು ಮಾಡಲಿ?

ಇಬ್ಬರು ಮಕ್ಕಳ ತಾಯಿ:

ನನಗೆ ನಾಲ್ಕು ವರ್ಷದ ಮಗಳು, ಒಂಬತ್ತು ತಿಂಗಳ ಮಗ. ಮುಂದಿನ ತಿಂಗಳು ಮನೆಯಲ್ಲಿ ದೊಡ್ಡ ಸಮಾರಂಭ ಇದೆ, ಮೂರು ದಿನ ನೆಂಟರು ಇರುತ್ತಾರೆ. ನನಗೆ ಈಗಲೇ ಭಯ. ಹೋದ ಸಲ ಸಂಜೆಯವರೆಗೂ ಮಗಳು ಚೆನ್ನಾಗಿಯೇ ಇದ್ದಳು, ಎಲ್ಲರ ಮುಂದೆ ಕುಣಿದಳು. ಆಮೇಲೆ ಫ್ರಾಕಿನ ಲೇಬಲ್ ಚುಚ್ಚುತ್ತದೆ ಅಂತ ಶುರುವಾಗಿದ್ದು ನೆಲದ ಮೇಲೆ ಬಿದ್ದು ಹೊರಳಾಡುವ ತನಕ ಹೋಯಿತು. ಅಷ್ಟರಲ್ಲಿ ದೊಡ್ಡವರೊಬ್ಬರು "ಬಾ, ಒಂದು ಮುತ್ತು ಕೊಡು" ಅಂತ ಎಳೆದುಕೊಂಡರು. ಅವಳು ಅವರ ಕೈಗೆ ಹೊಡೆದುಬಿಟ್ಟಳು. ಎಲ್ಲರೂ ನನ್ನ ಮುಖ ನೋಡಿದರು, ನಾನು ಅವರ ಮುಂದೆಯೇ ಅವಳನ್ನು ಗದರಿದೆ. ಒಂದು ಕಾಲಿನ ಸಾಕ್ಸ್ ಕಿತ್ತು ಕೈಯಲ್ಲಿ ಹಿಡಿದುಕೊಂಡು, ಬಿಕ್ಕುತ್ತಲೇ ನಿದ್ದೆ ಹೋದಳು. ಅದು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಮಗನನ್ನು ಯಾರಾದರೂ ಎತ್ತಿಕೊಂಡರೆ ಕಿರುಚುತ್ತಾನೆ. ಜನರ ಬಳಕೆಯೇ ಇಲ್ಲದ ಹಾಗೆ ಬೆಳೆಸಿದ್ದೀಯ ಅಂತಾರೆ. ಮಗಳ ವಿಷಯಕ್ಕೆ, ಸಿಹಿ ಜಾಸ್ತಿ ತಿಂದು ಹೀಗೆ ಆಡುತ್ತಾಳೆ ಅಂತಾರೆ. ಹೌದಾ? ಯಾರಾದರೂ ಹೇಳಿ ಪ್ಲೀಸ್.

ಮೂವರ ಅಮ್ಮ:

ಅವತ್ತು ಮಧ್ಯಾಹ್ನ ಅವಳು ಮಲಗಿದ್ದಳಾ? ನನ್ನ ಮೊದಲ ಪ್ರಶ್ನೆ ಅದೇ. ಮೂರರಿಂದ ಐದು ವರ್ಷದ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಸಮಾರಂಭದ ಮನೆಯಲ್ಲಿ ಹಿಂದಿನ ರಾತ್ರಿ ತಡವಾಗಿರುತ್ತದೆ, ಬೆಳಗ್ಗೆ ಬೇಗ ಎಬ್ಬಿಸಿರುತ್ತೇವೆ, ಮಧ್ಯಾಹ್ನ ಮಲಗಿಸಲು ಯಾರಿಗೂ ಪುರುಸೊತ್ತು ಇರುವುದಿಲ್ಲ, ಆಮೇಲೆ ಸಂಜೆ ಮಗು ಯಾಕೆ ಹೀಗೆ ಮಾಡುತ್ತಿದೆ ಅಂತ ಕೇಳುತ್ತೇವೆ. ಸುಸ್ತಾದ ಮಗು ತೂಕಡಿಸುತ್ತದೆ ಅಂದುಕೊಳ್ಳಬೇಡಿ. ನಿಮ್ಮವಳು ಕುಣಿದಳು ಅಂದಿರಲ್ಲ, ಸುಸ್ತು ಹಾಗೂ ಕಾಣಿಸುತ್ತದೆ. ನನ್ನ ಮಧ್ಯದವನು ಹಾಗೆಯೇ, ಕಿವಿ ಕೆಂಪಾಗಿ ಮಾತು ಜೋರಾಯಿತು ಅಂದರೆ ನಾನು ಯಾರನ್ನೂ ಕೇಳದೆ ಅವನನ್ನು ಎತ್ತಿಕೊಂಡು ಒಳಗೆ ಹೋಗುತ್ತೇನೆ. ಒಂದು ಕೋಣೆ ಮಕ್ಕಳಿಗಂತ ಇಟ್ಟುಬಿಡಿ. ಅವಳ ದಿಂಬು, ದಿನಾ ಓದುವ ಅದೇ ಪುಸ್ತಕ. ನಿದ್ದೆ ಬರದಿದ್ದರೂ ಪರವಾಗಿಲ್ಲ, ಅರ್ಧ ಗಂಟೆ ಕತ್ತಲಲ್ಲಿ ಸುಮ್ನೆ ಬಿದ್ದುಕೊಂಡಿರಲಿ.

ಮಕ್ಕಳ ವಾರ್ಡಿನ ನರ್ಸ್:

ಸಿಹಿಯ ಮಾತು ಎಲ್ಲ ಮನೆಯಲ್ಲೂ ಇದೆ, ಆದರೆ ಅದು ನಿಜವಲ್ಲ. ಯಾವ ಮಗುವಿಗೆ ಸಕ್ಕರೆ ಕೊಟ್ಟಿದ್ದಾರೆ ಅಂತ ಮಗುವಿಗೂ ಮನೆಯವರಿಗೂ ನೋಡುವವರಿಗೂ ಗೊತ್ತಿಲ್ಲದ ಹಾಗೆ ಮಾಡಿದ 23 ಪ್ರಯೋಗಗಳನ್ನು 1995ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಸಕ್ಕರೆಯಿಂದ ಮಕ್ಕಳ ನಡವಳಿಕೆ ಬದಲಾಗುತ್ತದೆ ಅನ್ನುವುದು ಕಾಣಲಿಲ್ಲ. ಅದರ ಹಿಂದಿನ ವರ್ಷ ಇನ್ನೊಂದು ಪ್ರಯೋಗ ನಡೆದಿತ್ತು. ಸಕ್ಕರೆ ಕೊಡದೆಯೇ ಕೆಲವು ತಾಯಂದಿರಿಗೆ "ನಿಮ್ಮ ಮಗುವಿಗೆ ಸಕ್ಕರೆ ಕೊಟ್ಟಿದ್ದೇವೆ" ಅಂದರು. ಅವರಿಗೆ ತಮ್ಮ ಮಗು ಜಾಸ್ತಿ ಚೇಷ್ಟೆ ಮಾಡಿದ ಹಾಗೆ ಕಂಡಿತು. ಹಲ್ಲಿಗಾಗಿ ಸಿಹಿ ಕಡಿಮೆ ಮಾಡಿ, ಅದು ಬೇರೆ ಮಾತು. ರಂಪಕ್ಕೆ ಗಲಾಟೆ, ಜನ, ನಿದ್ದೆಗೇಡು ಸಾಕು.

ಮಗನ ಬಗ್ಗೆ ಸ್ವಲ್ಪವೂ ಚಿಂತೆ ಬೇಡ. ಆರೇಳು ತಿಂಗಳ ನಂತರ ಮಗು ತನ್ನವರು ಯಾರು, ಹೊಸಬರು ಯಾರು ಅಂತ ಗುರುತಿಸಲು ಕಲಿಯುತ್ತದೆ, ಆಗ ಹೊಸಬರನ್ನು ಕಂಡರೆ ಅಳುವುದು ಸಹಜ. ಬೆಳವಣಿಗೆ ಸರಿಯಾಗಿದೆ ಅಂತಲೇ ಅರ್ಥ. ನಿಮ್ಮ ಮಡಿಲಲ್ಲೇ ಕೂರಿಸಿಕೊಳ್ಳಿ, ಬಂದವರು ನಿಮ್ಮ ಹತ್ತಿರ ಕೂತು ಮಾತಾಡಲಿ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಉಡುಗೊರೆ ಬಿಚ್ಚುವಾಗ ದೊಡ್ಡವರೊಬ್ಬರು ಪಕ್ಕದಲ್ಲಿರಿ. ದೀಪ ಮಿನುಗುವ, ಸದ್ದು ಮಾಡುವ ಆಟಿಕೆಗಳಲ್ಲಿ ಗುಂಡಿಯಂಥ ಚಿಕ್ಕ ಬ್ಯಾಟರಿ ಇರುತ್ತದೆ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ನುಂಗಿರಬಹುದು ಅನ್ನುವ ಅನುಮಾನ ಬಂದರೂ ವಾಂತಿ ಮಾಡಿಸಬೇಡಿ, ನೇರ ಆಸ್ಪತ್ರೆಗೆ ಹೋಗಿ. ಒಡೆದ ಬಲೂನಿನ ಚೂರುಗಳನ್ನೂ ಕೂಡಲೇ ಎತ್ತಿಬಿಡಿ.

ಒಬ್ಬ ಅಜ್ಜಿ:

ನೋಡಮ್ಮಾ, ನಾನೂ ಒಂದು ಕಾಲದಲ್ಲಿ ಮುತ್ತು ಕೊಡು ಅಂತ ಎಳೆಯುತ್ತಿದ್ದವಳೇ. ದೊಡ್ಡವರಿಗೆ ಅದು ಪ್ರೀತಿ. ಆದರೆ ಮಗುವಿನ ಮೈ ಮಗುವಿನದು ಅಂತ ನನಗೆ ನನ್ನ ಸೊಸೆ ಹೇಳಿಕೊಟ್ಟಳು. ಮೊದಲು ಬೇಜಾರಾಯಿತು, ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮುಂದಿನ ಸಲ ಮೊಮ್ಮಗ ಬಂದಾಗ ಕರೆಯದೆ ಸುಮ್ಮನೆ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಅವನೇ ಹತ್ತಿರ ಬಂದು, ಜೇಬಿನಿಂದ ಒಂದು ಕಲ್ಲು ತೆಗೆದು ನನ್ನ ಅಂಗೈಯಲ್ಲಿಟ್ಟ. ಬಿಸಿಯಾಗಿತ್ತು, ಎಷ್ಟು ಹೊತ್ತಿನಿಂದ ಹಿಡಿದುಕೊಂಡಿದ್ದನೋ. ನೆಂಟರು ಬರುವ ಮೊದಲೇ ಫೋನಿನಲ್ಲಿ ಹೇಳಿಬಿಡು, "ಅವಳು ಕೈ ಬೀಸುತ್ತಾಳೆ, ಅಷ್ಟು ಸಾಕು" ಅಂತ. ನಿನ್ನ ಗಂಡನ ಕಡೆಯವರಿಗೆ ಅವನೇ ಹೇಳಲಿ. ಹೊಡೆದಿದ್ದು ಮಾತ್ರ ತಪ್ಪೇ, ಅದನ್ನು ಬಿಡಬೇಡ. ಆದರೆ ಎಲ್ಲರ ಮುಂದೆ ಬೇಡ, ಒಳಗೆ ಕರೆದುಕೊಂಡು ಹೋಗಿ ಹೇಳು.

ಒಬ್ಬ ಅಪ್ಪ:

ಕೋಣೆ ಸರಿ, ಆದರೆ ಮೂರು ದಿನ ಮಗುವನ್ನು ಬಚ್ಚಿಡಲು ಆಗಲ್ಲ, ಅವಳಿಗೂ ಸಂಭ್ರಮ ಬೇಕಲ್ವಾ. ನಮ್ಮ ಮಗನಿಗೆ ನಾವು ಒಂದು ಕೆಲಸ ಕೊಡುತ್ತೇವೆ, ಚಮಚ ಹಂಚುವುದು ಅವನದೇ. ಸಾಕಾಯಿತು ಅನ್ನಿಸಿದರೆ ನನ್ನ ಹೆಬ್ಬೆರಳನ್ನು ಎರಡು ಸಲ ಒತ್ತುತ್ತಾನೆ, ಅದು ನಮ್ಮಿಬ್ಬರ ಗುಟ್ಟು. ಒತ್ತಿದ ಕೂಡಲೇ ಹೊರಗೆ ಹೋಗಬೇಕು, ಮಾತು ಮುಗಿಸಿ ಬರುತ್ತೇನೆ ಅನ್ನಬಾರದು. ಒಂದು ಸಲ ಹಾಗೆ ಅಂದೆ, ಆಮೇಲೆ ತಿಂಗಳುಗಟ್ಟಲೆ ಅವನು ಒತ್ತಲೇ ಇಲ್ಲ.

ಇಬ್ಬರು ಮಕ್ಕಳ ತಾಯಿ:

ಎಲ್ಲರಿಗೂ ಥ್ಯಾಂಕ್ಸ್, ಓದುತ್ತಾ ಅತ್ತುಬಿಟ್ಟೆ. ಇಲ್ಲ, ಅವತ್ತು ಅವಳು ಮಲಗಿರಲೇ ಇಲ್ಲ. ಬೆಳಗ್ಗೆ ಐದಕ್ಕೆ ನಾನೇ ಎಬ್ಬಿಸಿದ್ದೆ. ಮನೆಯವರ ಹತ್ತಿರ ಮಾತಾಡಿದೆ, ಅವರ ಕಡೆಯವರಿಗೆ ಅವರೇ ಫೋನ್ ಮಾಡುತ್ತಾರೆ. ಮಗಳನ್ನು ಕೇಳಿದ್ದಕ್ಕೆ ಬಾಗಿಲಲ್ಲಿ ನಿಂತು ಎಲ್ಲರಿಗೂ ಹೈ-ಫೈ ಕೊಡುತ್ತೇನೆ ಅಂದಳು. ಫ್ರಾಕಿನ ಲೇಬಲ್ ಇವತ್ತೇ ಕತ್ತರಿಸುತ್ತೇನೆ.

ಮೂವರ ಅಮ್ಮ:

ಕತ್ತರಿಸಬೇಡಿ! ಉಳಿದ ಅಂಚು ಇನ್ನೂ ಜಾಸ್ತಿ ಚುಚ್ಚುತ್ತದೆ. ಹೊಲಿಗೆ ಬಿಚ್ಚಿ ಪೂರ್ತಿ ತೆಗೆಯಿರಿ, ಒಂದು ಸಲ ಒಗೆದು ಹಾಕಿ ನೋಡಿ.