ರಸ್ ರೋಸ್ 43 ಸೀಸನ್ ಗೆದ್ದದ್ದು ಹೇಗೆ? ನಮ್ಮ ಕಾಲೇಜು ತಂಡಕ್ಕೆ ಅದರಲ್ಲಿ ಯಾವುದು ಬರುತ್ತೆ?

ಹೊಸ_ಕೋರ್ಟ್:

ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಮಹಿಳಾ ವಾಲಿಬಾಲ್ ಕೋಚ್ ಆಗಿದ್ದ ರಸ್ ರೋಸ್ ಬಗ್ಗೆ ಓದ್ತಾ ಇದ್ದೀನಿ. 1979ರಿಂದ 2021ರವರೆಗೆ ಒಂದೇ ತಂಡ, 1330 ಗೆಲುವು, 229 ಸೋಲು, ಏಳು ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಚಾಂಪಿಯನ್‌ಶಿಪ್. ಎಲ್ಲರೂ ಅವರನ್ನ ಅಂಕಿ-ಅಂಶದ ಕೋಚ್ ಅಂತಾರೆ, ಮ್ಯಾಚ್ ನಡೆಯುವಾಗ ಬೆಂಚಲ್ಲಿ ಕೂತು ಪೆನ್ಸಿಲಲ್ಲೇ ಬರ್ಕೊಳ್ತಿದ್ರು ಅಂತಾರೆ. ಏನು ಬರ್ಕೊಳ್ಳಬೇಕು, ಅದನ್ನ ಮರುದಿನದ ಪ್ರಾಕ್ಟೀಸಿಗೆ ಹೇಗೆ ತರಬೇಕು ಅನ್ನೋದು ಮಾತ್ರ ಯಾರೂ ಬಿಡಿಸಿ ಹೇಳಲ್ಲ.

ನಾನು ನೋಡ್ಕೊಳ್ಳೋದು ಪದವಿ ಕಾಲೇಜಿನ ಹುಡುಗಿಯರ ತಂಡ. ಮಣ್ಣಿನ ಕೋರ್ಟ್, ಸಾಫ್ಟ್‌ವೇರ್ ಇಲ್ಲ, ಬರೆಯೋಕೆ ಒಬ್ಬಳು ರಿಸರ್ವ್ ಆಟಗಾರ್ತಿ ಸಿಗ್ತಾಳೆ. ರೋಸ್ ಅವರ ವೃತ್ತಿಯಲ್ಲಿ ನಿಜವಾಗಿ ಕೆಲಸ ಮಾಡಿದ್ದು ಏನು? ಒಬ್ಬಳೇ ಬರೆಯಬಹುದಾದ ಲೆಕ್ಕ ಯಾವುದು?

ಹಿಂದಿನ_ಸಾಲು:

ಮೇಡಂ, ಮೊದಲು ಇಸವಿಗಳನ್ನ ಸಾಲಾಗಿ ಇಟ್ಟು ನೋಡಿ. ರೋಸ್ ಜಾರ್ಜ್ ವಿಲಿಯಮ್ಸ್ ಕಾಲೇಜಿಗೆ ಆಡಿ 1975ರಲ್ಲಿ ಪದವಿ ಮುಗಿಸಿದವರು. ಆಮೇಲೆ ನೆಬ್ರಾಸ್ಕಾದಲ್ಲಿ ಸ್ನಾತಕೋತ್ತರ ಓದು, ಜೊತೆಗೇ ಸಹಾಯಕ ಕೋಚ್ ಕೆಲಸ. ಅಲ್ಲಿ ಅವರು ಬರೆದ ಪ್ರಬಂಧದ ವಿಷಯವೇ ವಾಲಿಬಾಲ್ ಅಂಕಿ-ಅಂಶ. ಅಂದ್ರೆ ಮುಖ್ಯ ಕೋಚ್ ಆಗೋಕೆ ಮುಂಚೆಯೇ ಅಳತೆಗೋಲು ಕೈಯಲ್ಲಿತ್ತು.

ಕಾಲವೂ ಕೂಡಿ ಬಂತು. 1972ರ ಟೈಟಲ್ ನೈನ್ ಕಾನೂನಿನಿಂದ ಅಮೆರಿಕದ ಕಾಲೇಜುಗಳು ಹುಡುಗಿಯರ ಕ್ರೀಡೆಗೆ ದುಡ್ಡು ಹಾಕಲೇಬೇಕಾಯ್ತು. 1981ರಲ್ಲಿ ಎನ್‌ಸಿಎಎ ಮಹಿಳಾ ವಾಲಿಬಾಲ್ ಚಾಂಪಿಯನ್‌ಶಿಪ್ ಶುರುವಾಯ್ತು. ಅದಕ್ಕೆ ಎರಡು ವರ್ಷ ಮುಂಚೆ ರೋಸ್ ಪೆನ್ ಸ್ಟೇಟಲ್ಲಿದ್ದರು.

ಜನ ಮರೆಯೋದು ಮುಂದಿನದನ್ನ. ಮೊದಲ ಚಾಂಪಿಯನ್‌ಶಿಪ್ ಬಂದದ್ದು 1999ರಲ್ಲಿ, ಅವರ 21ನೇ ಸೀಸನ್‌ನಲ್ಲಿ. ಅದಕ್ಕೆ ಮುಂಚೆ ಮೂರು ಫೈನಲ್ ಸೋತಿದ್ದರು: 1993ರಲ್ಲಿ ಲಾಂಗ್ ಬೀಚ್ ಸ್ಟೇಟ್ ಎದುರು, 1997ರಲ್ಲಿ ಸ್ಟ್ಯಾನ್‌ಫರ್ಡ್ ಎದುರು, 1998ರಲ್ಲಿ ಮತ್ತೆ ಲಾಂಗ್ ಬೀಚ್ ಎದುರು. ಕೊನೆಯ ಎರಡೂ ಐದು ಸೆಟ್‌ವರೆಗೆ ಹೋದವು. 1999ರಲ್ಲಿ ಸ್ಟ್ಯಾನ್‌ಫರ್ಡನ್ನ 3-0 ಸೋಲಿಸಿದರು. ಅಷ್ಟು ದಿನ ಅವರನ್ನ ಅಲ್ಲೇ ಉಳಿಸಿದ್ದು ಲೀಗ್ ಗೆಲುವುಗಳು. 1991ರಲ್ಲಿ ಬಿಗ್ ಟೆನ್ ಸೇರಿದ ಮೇಲೆ ನಿವೃತ್ತಿಯೊಳಗೆ 17 ಸಲ ಆ ಲೀಗ್ ಗೆದ್ದರು. ಒಂದೇ ಕಡೆ ಬಿಡದೆ ಕೆಲಸ ಮಾಡೋ ಅವಕಾಶ ಇಲ್ಲದಿದ್ರೆ ಎಷ್ಟೇ ಒಳ್ಳೆ ಲೆಕ್ಕ ಇಟ್ಟರೂ ಹಣ್ಣಾಗೋಷ್ಟು ಸಮಯ ಸಿಗಲ್ಲ.

2007ರಿಂದ 2010ರವರೆಗೆ ಸತತ ನಾಲ್ಕು ಚಾಂಪಿಯನ್‌ಶಿಪ್, ಆ ಮೇಲೆ 2013 ಮತ್ತು 2014. 2007ರ ಸೆಪ್ಟೆಂಬರ್‌ನಿಂದ 2010ರ ಸೆಪ್ಟೆಂಬರ್‌ವರೆಗೆ ಸತತ 109 ಮ್ಯಾಚ್ ಗೆಲುವು. 2008ರಲ್ಲಿ 38 ಮ್ಯಾಚ್ ಆಡಿ ಕಳ್ಕೊಂಡದ್ದು ಎರಡೇ ಸೆಟ್, ಅವೆರಡೂ ಒಮಾಹದ ಸೆಮಿಫೈನಲ್‌ನಲ್ಲಿ ನೆಬ್ರಾಸ್ಕಾ ಎದುರು, ಅವರ ಅಭಿಮಾನಿಗಳೇ ತುಂಬಿದ್ದ ಕ್ರೀಡಾಂಗಣದಲ್ಲಿ. 2009ರ ಫೈನಲ್‌ನಲ್ಲಿ ಟೆಕ್ಸಾಸ್ ಎದುರು 0-2 ಹಿಂದಿದ್ದು 3-2ಕ್ಕೆ ತಂದರು.

ಈ ಗೆಲುವುಗಳ ನಡುವಿನ ಸಾಮಾನ್ಯ ಅಂಶ ಸೆಟ್ಟರ್, ಅಂದ್ರೆ ಅಟ್ಯಾಕರ್‌ಗೆ ಹೊಡೆಯೋಕೆ ಬಾಲ್ ಎತ್ತಿ ಕೊಡೋಳು. 2007, 2008, 2009ರಲ್ಲಿ ಅಲಿಷಾ ಗ್ಲಾಸ್, 2013, 2014ರಲ್ಲಿ ಮೈಕಾ ಹ್ಯಾನ್‌ಕಾಕ್. ಒಬ್ಬಳೇ ಸೆಟ್ಟರ್ ಸತತ ಸೀಸನ್‌ಗಳಲ್ಲಿ ಅದೇ ಅಟ್ಯಾಕರ್‌ಗಳ ಜೊತೆ ಆಡೋದು. ನಮ್ಮಲ್ಲಿ ಫೈನಲ್ ಇಯರ್ ಹುಡುಗಿಯನ್ನ ಸೆಟ್ಟರ್ ಮಾಡಿ, ಅವಳು ಹೋದ ಮೇಲೆ ಜೂನ್‌ನಲ್ಲಿ ಹೊಸಬಳನ್ನ ಹುಡುಕ್ತೀವಿ. ಬಿ.ಎ., ಬಿ.ಕಾಂ. ಮೊದಲ ವರ್ಷಕ್ಕೆ ಬಂದವರಲ್ಲಿ ಕೈ ಮೃದುವಾಗಿರೋ ಒಬ್ಬಳನ್ನ ಆಗಲೇ ಎರಡನೇ ಸೆಟ್ಟರ್ ಮಾಡಿ, ವಾರಕ್ಕೆ ಒಂದು ಪ್ರಾಕ್ಟೀಸ್ ಮ್ಯಾಚ್ ಪೂರ್ತಿ ಅವಳ ಕೈಗೆ ಕೊಡಿ. ಇದಕ್ಕೆ ಖರ್ಚೂ ಇಲ್ಲ.

ಆರನೇ_ಜಾಗ:

ಬರೆಯೋ ವಿಷಯ ನಾನು ಹೇಳ್ತೀನಿ. ಒಬ್ಬಳೇ ಇದ್ರೆ ಸರ್ವ್ ರಿಸೀವ್ (ಎದುರಾಳಿಯ ಸರ್ವನ್ನ ತಡೆದು ಸೆಟ್ಟರ್‌ಗೆ ಪಾಸ್ ಮಾಡೋದು) ಬಿಟ್ಟು ಬೇರೆ ಏನೂ ಬರೆಸಬೇಡಿ. ಎಲ್ಲವನ್ನೂ ಬರೆಯೋಕೆ ಹೋದ್ರೆ ಎರಡನೇ ಸೆಟ್‌ಗೆ ಹಾಳೆ ಖಾಲಿ ಉಳಿಯುತ್ತೆ.

ಒಂದು ಎ4 ಹಾಳೆ, ಎಡಕ್ಕೆ ಪಾಸ್ ಮಾಡೋ ಮೂರು-ನಾಲ್ಕು ಹುಡುಗಿಯರ ಜೆರ್ಸಿ ನಂಬರ್. ಎದುರಾಳಿಯ ಪ್ರತಿ ಸರ್ವ್‌ಗೆ, ಪಾಸ್ ಮಾಡಿದವಳ ಸಾಲಿನಲ್ಲಿ ಒಂದು ಅಂಕೆ. 3 ಅಂದ್ರೆ ಸೆಟ್ಟರ್ ನೆಟ್ ಹತ್ತಿರ ನಿಂತು ಮಧ್ಯದ ಕ್ವಿಕ್ (ನೆಟ್ ಹತ್ತಿರ ಕಡಿಮೆ ಎತ್ತರದ, ವೇಗದ ಹೊಡೆತ) ಸೇರಿ ಯಾರಿಗೆ ಬೇಕಾದ್ರೂ ಕೊಡಬಹುದು. 2 ಅಂದ್ರೆ ಸೆಟ್ಟರ್ ಎರಡು-ಮೂರು ಹೆಜ್ಜೆ ಓಡಬೇಕು, ಕ್ವಿಕ್ ಹೋಯ್ತು, ಎರಡು ಬದಿ ಉಳೀತು. 1 ಅಂದ್ರೆ ಒಂದೇ ಕಡೆ ಎತ್ತರದ ಬಾಲ್ ಹಾಕೋದು, ಇಲ್ಲಾ ಸುಮ್ಮನೆ ಆಚೆ ದಾಟಿಸೋದು. 0 ಅಂದ್ರೆ ಏಸ್, ಸರ್ವ್‌ನಿಂದಲೇ ಎದುರಾಳಿಗೆ ಪಾಯಿಂಟ್. ಆ ರ‍್ಯಾಲಿ ನಾವು ಗೆದ್ರೆ ಅಂಕೆಗೆ ಒಂದು ಸುತ್ತು ಹಾಕಬೇಕು. ಸೆಟ್ ಮುಗಿದಾಗ ಉದ್ದಕ್ಕೆ ಒಂದು ಗೆರೆ.

ಲೆಕ್ಕ ಹೀಗೆ: 20 ಪಾಸ್‌ನಲ್ಲಿ ಏಳು 3, ಆರು 2, ಐದು 1, ಎರಡು 0 ಬಂದ್ರೆ 21+12+5 ಅಂದ್ರೆ 38. ಅದನ್ನ 20ರಿಂದ ಭಾಗಿಸಿದ್ರೆ 1.90. ಕಾಲೇಜು ಮಟ್ಟಕ್ಕೆ 2ರ ಮೇಲಿದ್ರೆ ಒಳ್ಳೇದು, 1.8ಕ್ಕಿಂತ ಕೆಳಗೆ ಹೋದ್ರೆ ಸೈಡ್‌ಔಟ್‌ಗೆ (ಎದುರಾಳಿಯ ಸರ್ವ್‌ನಲ್ಲಿ ಪಾಯಿಂಟ್ ಗೆಲ್ಲೋಕೆ) ಒದ್ದಾಡ್ತೀರಿ.

ಸರಾಸರಿಗಿಂತ ಆ ಸುತ್ತುಗಳೇ ಹೆಚ್ಚು ಹೇಳುತ್ತವೆ. 3ರ ಪಾಸ್ ಸಿಕ್ಕಿಯೂ ಸುತ್ತು ಬಿದ್ದಿಲ್ಲ ಅಂದ್ರೆ ತೊಂದರೆ ಪಾಸ್‌ನಲ್ಲಿಲ್ಲ, ಸೆಟ್ಟರ್ ಅಥವಾ ಅಟ್ಯಾಕರ್ ಹತ್ತಿರ ಇದೆ. ಸೋತ ತಕ್ಷಣ ಹಿಂದಿನ ಸಾಲಿನವರನ್ನ ಬೈಯೋ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಎಷ್ಟೋ ಸಲ ಹಾಳೆ ಬೇರೆಯವರ ಕಡೆ ಬೊಟ್ಟು ಮಾಡುತ್ತೆ.

ತಪ್ಪಾಗೋ ಜಾಗ ಮೂರು. ಮೊದಲನೆಯದು, ಸೆಟ್ ಕೆಟ್ಟದಾಗಿ ಬಂತು ಅಂತ ಒಳ್ಳೆ ಪಾಸ್‌ಗೂ 2 ಹಾಕೋದು. ಸೆಟ್ಟರ್ ಬಾಲ್ ಮುಟ್ಟೋಕೆ ಮುಂಚೆ ಅಂಕೆ ಬಾಯಲ್ಲಿ ಹೇಳಿಬಿಡಬೇಕು, ಆಮೇಲೆ ಬರೆಯಬಹುದು. ಎರಡನೆಯದು, ಎದುರಾಳಿಯ ಸರ್ವ್ ಔಟ್ ಅಥವಾ ನೆಟ್ ಆದಾಗ ಯಾರದೋ ಹೆಸರಿಗೆ 3 ಹಾಕೋದು. ಅಲ್ಲಿ ಪಾಸೇ ಆಗಿಲ್ಲ, ಹಾಳೆಯ ಕೆಳಗೆ ಒಂದು ಅಡ್ಡಗೆರೆ ಸಾಕು. ಮೂರನೆಯದು ಇಬ್ಬರ ನಡುವೆ ಬಿದ್ದ ಏಸ್. ಅದಕ್ಕೆ ‘ನಡುವೆ’ ಅಂತ ಬೇರೆ ಸಾಲು ಇಡಿ. ಆ ಸಾಲು ಬೆಳೀತಾ ಇದ್ರೆ ತಪ್ಪು ಕೈಯದ್ದಲ್ಲ, ಯಾರ ಬಾಲ್ ಅಂತ ಕೂಗದೆ ಇರೋದು.

ಮಣ್ಣಿನ ಕೋರ್ಟ್ ಅಂದ್ರಲ್ಲ, ಗಾಳಿ ಯಾವ ಕಡೆಯಿಂದ ಅಂತ ಹಾಳೆಯ ಮೇಲೆ ಒಂದು ಬಾಣ ಹಾಕಿಸಿ. ಹೊರಗೆ ಫ್ಲೋಟ್ ಸರ್ವ್ (ತಿರುಗದೆ ತೇಲಿ ಬರೋ ಸರ್ವ್) ಗಾಳಿಗೆ ಎಷ್ಟು ಓಲಾಡುತ್ತೆ ಅಂದ್ರೆ, ಎರಡು ಬದಿಯ ಸರಾಸರಿ ಕೂಡಿಸಿದ್ರೆ ಅರ್ಥವೇ ಇರಲ್ಲ.

ಹೊಸ_ಕೋರ್ಟ್:

ತುಂಬಾ ಉಪಯೋಗ ಆಯ್ತು ಸರ್. ನಿನ್ನೆಯ ಪ್ರಾಕ್ಟೀಸ್ ಮ್ಯಾಚಿಗೆ ಹೀಗೇ ಬರೆಸಿದೆ. 7ನೇ ನಂಬರ್: 3 3 0 3 0 3 3 0 3 0. 11ನೇ ನಂಬರ್: ಎಂಟು 2, ಎರಡು 1. ಇಬ್ಬರದೂ 1.8. ಒಬ್ಬಳನ್ನೇ ಇಟ್ಕೋಬೇಕು ಅಂದ್ರೆ ಯಾರನ್ನ?

ಆರನೇ_ಜಾಗ:

ಸುತ್ತು ಎಣಿಸದೆ ತೀರ್ಮಾನ ಮಾಡಬೇಡಿ. 7ನೇಯವಳು ನಾಲ್ಕು ಪಾಯಿಂಟ್ ನೇರ ಕೊಟ್ಟಿದ್ದಾಳೆ ನಿಜ, ಆದ್ರೆ ಆರು ಸಲ ಕ್ವಿಕ್ ಆಡೋ ಅವಕಾಶವನ್ನೂ ಕೊಟ್ಟಿದ್ದಾಳೆ. ಆ ಆರರಲ್ಲಿ ಐದು ಗೆದ್ದಿದ್ರೆ ಹತ್ತಕ್ಕೆ ಐದು. 11ನೇಯವಳ ಎಂಟು 2ರಲ್ಲಿ ನಾಲ್ಕು ಗೆದ್ದು, 1ರಲ್ಲಿ ಒಂದೂ ಬರದಿದ್ರೆ ಹತ್ತಕ್ಕೆ ನಾಲ್ಕು. ನಿಮ್ಮ ಮಿಡಲ್ ಬ್ಲಾಕರ್ (ನೆಟ್ ಮಧ್ಯದಲ್ಲಿ ಆಡೋಳು) ಕ್ವಿಕ್ ಚೆನ್ನಾಗಿ ಹೊಡೆಯೋಳಾದ್ರೆ 7 ಇರಲಿ. ಬರೀ ಎತ್ತರದ ಬಾಲ್ ಮೇಲೆ ನಡೆಯೋ ತಂಡವಾದ್ರೆ 3ಕ್ಕೂ 2ಕ್ಕೂ ವ್ಯತ್ಯಾಸವೇ ಕಾಣಲ್ಲ, ಆಗ 11.

ಆ ನಾಲ್ಕು ಸೊನ್ನೆ ಎಲ್ಲಿ ಬಿದ್ದವು ಅಂತಲೂ ನೋಡಿ. ಸೊನ್ನೆಯ ಪಕ್ಕ ‘ಮುಂ’ ಅಥವಾ ‘ಹಿಂ’ ಅಂತ ಬರೆಸಿ. ನಾಲ್ಕೂ ಮುಂದೆ ಬಿದ್ದಿದ್ರೆ ಅವಳು ತೀರಾ ಹಿಂದೆ ನಿಂತಿದ್ದಾಳೆ. ಅಟ್ಯಾಕ್ ಲೈನಿನಿಂದ (ನೆಟ್‌ನಿಂದ ಮೂರು ಮೀಟರ್ ದೂರದ ಗೆರೆ) ಮೂರು-ಮೂರೂವರೆ ಮೀಟರ್ ಹಿಂದೆ ನಿಲ್ಲಿಸಿ, ಸರ್ವ್ ಹೊಡೆಯೋ ಕ್ಷಣಕ್ಕೆ ಭಾರ ಮುಂಗಾಲಿಗೆ ಬರಲಿ. ಇನ್ನೊಂದು ಮಾತು: ಹತ್ತು ಪಾಸ್ ತೀರಾ ಕಮ್ಮಿ. 40-50 ಆಗೋವರೆಗೆ ಯಾರನ್ನೂ ಕೂರಿಸಬೇಡಿ.

ಬೇಸ್_ಲೈನ್:

ಒಂದು ಎಚ್ಚರಿಕೆ. ಪೆನ್ ಸ್ಟೇಟ್ ವಿಡಿಯೊ ನೋಡಿ ಅವರ ಬದಲಿ ಆಟಗಾರ್ತಿಯರ ಲೆಕ್ಕಾಚಾರವನ್ನ ಹಾಗೇ ಎತ್ಕೊಂಡು ಬರಬೇಡಿ. ಎನ್‌ಸಿಎಎ ಮಹಿಳೆಯರ ನಿಯಮದಲ್ಲಿ ಒಂದು ಸೆಟ್‌ಗೆ 15 ಸಬ್ಸ್ಟಿಟ್ಯೂಷನ್ ಇದೆ, ಲಿಬೆರೊ (ಹಿಂದಿನ ಸಾಲಲ್ಲಿ ಮಾತ್ರ ಆಡೋ ಡಿಫೆನ್ಸ್‌ನವಳು) ಒಂದು ರೊಟೇಶನ್‌ನಲ್ಲಿ (ಜಾಗ ಬದಲಾಗೋ ಸರದಿ) ಸರ್ವ್ ಕೂಡ ಮಾಡಬಹುದು. ನಮ್ಮಲ್ಲಿ ನಡೆಯೋದು ಅಂತರರಾಷ್ಟ್ರೀಯ ಫೆಡರೇಶನ್ ನಿಯಮ: ಸೆಟ್‌ಗೆ ಆರು, ಹೊರಗೆ ಹೋದ ಆರಂಭದ ಆಟಗಾರ್ತಿ ಆ ಸೆಟ್‌ನಲ್ಲಿ ಒಂದೇ ಸಲ, ಅದೂ ತನ್ನ ಜಾಗಕ್ಕೇ ವಾಪಸ್ ಬರಬಹುದು. ಲಿಬೆರೊ ಸರ್ವ್ ಮಾಡೋ ಹಾಗಿಲ್ಲ. ಅವರ ಹೊರ ಅಟ್ಯಾಕರ್ ಹಿಂದಿನ ಸಾಲಿಗೆ ಬಂದ ತಕ್ಷಣ ಡಿಫೆನ್ಸ್‌ನವಳು ಒಳಗೆ ಬರ್ತಾಳೆ. ನಮ್ಮ ಹುಡುಗಿ ಮೂರೂ ಹಿಂದಿನ ಜಾಗ ಆಡಲೇಬೇಕು. ಹಾಗಾಗಿ ಆಯ್ಕೆಯಲ್ಲೇ ಹೊಡೆಯೋಕೂ ಪಾಸ್ ಮಾಡೋಕೂ ಬರೋರನ್ನ ನೋಡಿ.

ಪ್ರಾಕ್ಟೀಸ್ ಸಮಯವೂ ಅಷ್ಟೆ. ಅಲ್ಲಿ ಸೀಸನ್‌ನಲ್ಲಿ ವಾರಕ್ಕೆ 20 ಗಂಟೆಯ ಮಿತಿ, ದಿನಕ್ಕೆ ನಾಲ್ಕು, ವಾರಕ್ಕೊಂದು ರಜೆ ಕಡ್ಡಾಯ. ಆಗಸ್ಟ್ ಕೊನೆಯಿಂದ ಡಿಸೆಂಬರ್‌ವರೆಗೆ ಲೀಗ್. ನಮ್ಮಲ್ಲಿ ಅಂತರ ಕಾಲೇಜು ಟೂರ್ನಿ ಎರಡು-ಮೂರು ದಿನದಲ್ಲಿ ಮುಗಿಯುತ್ತೆ. ಸೋತು ಕಲಿತು ಮುಂದಿನ ವಾರ ತಿದ್ಕೊಳ್ಳೋ ಅವಕಾಶವೇ ಇಲ್ಲ. ಆದ್ದರಿಂದ ಅಕ್ಕಪಕ್ಕದ ನಾಲ್ಕು ಕಾಲೇಜಿನ ಪಿ.ಡಿ.ಗಳು (ದೈಹಿಕ ಶಿಕ್ಷಣ ನಿರ್ದೇಶಕರು) ಸೇರಿ ಶನಿವಾರದ ಮ್ಯಾಚ್ ಇಟ್ಕೊಳ್ಳೋದು ಹೆಚ್ಚು ಫಲ ಕೊಡುತ್ತೆ.

ಹುದ್ದೆಯ ವ್ಯತ್ಯಾಸವನ್ನೂ ಮರೀಬಾರದು. ರೋಸ್ ಮುಖ್ಯವಾಗಿ ಒಂದು ಆಟದ ಕೋಚ್, ಕೈಯಲ್ಲಿ ಆಗಿನ ಮಿತಿಯಂತೆ 12 ಸ್ಕಾಲರ್‌ಶಿಪ್. ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು ಕಬಡ್ಡಿ, ಖೋ ಖೋ, ಅಥ್ಲೆಟಿಕ್ಸ್, ವಾರ್ಷಿಕ ಕ್ರೀಡಾಕೂಟ ಎಲ್ಲಕ್ಕೂ ಒಬ್ಬರೇ. ಅದಕ್ಕೇ ಆರನೇ_ಜಾಗ ಹೇಳಿದ ಒಂದೇ ಹಾಳೆ ಸರಿಯಾದ ಅಳತೆ, ಅದನ್ನ ದೊಡ್ಡದು ಮಾಡಬೇಡಿ.

ಹಿಂದಿನ_ಸಾಲು:

ಬೇಸ್_ಲೈನ್ ಹೇಳಿದ್ದು ಸರಿ. ಒಂದೇ ಒಂದು ಸೇರಿಸ್ತೀನಿ: ಹಾಳೆಯಲ್ಲಿ ಸೆಟ್ಟರ್ ಯಾವ ಜಾಗದಲ್ಲಿದ್ದಾಳೆ ಅನ್ನೋದನ್ನೂ ಬರೆಸಿ. 5-1 (ಒಬ್ಬಳೇ ಸೆಟ್ಟರ್, ಐವರು ಅಟ್ಯಾಕರ್) ಆಡೋ ತಂಡಗಳು ಬಹಳಷ್ಟು ಸಲ ಸಿಕ್ಕಿಬೀಳೋದು ಸೆಟ್ಟರ್ 1ನೇ ಜಾಗದಲ್ಲಿದ್ದಾಗ (ಹಿಂದಿನ ಸಾಲಿನ ಬಲಗಡೆ). ಆಗ ಆಪೊಸಿಟ್ (ಸರದಿಯಲ್ಲಿ ಸೆಟ್ಟರ್‌ಗೆ ಎದುರು ಜಾಗದವಳು) 4ರಲ್ಲಿ ಅಂದ್ರೆ ಮುಂದಿನ ಎಡಗಡೆ, ಹೊರ ಅಟ್ಯಾಕರ್ 2ರಲ್ಲಿ ಅಂದ್ರೆ ಮುಂದಿನ ಬಲಗಡೆ, ಇಬ್ಬರೂ ತಮ್ಮದಲ್ಲದ ಬದಿಯಿಂದ ಹೊಡೀತಾರೆ. ರಿಸೀವ್‌ಗೆ ನಿಲ್ಲೋವಾಗ ಮುಂದಿನ ಮೂವರನ್ನೂ ಎಡಕ್ಕೆ ಒತ್ತಿ ನಿಲ್ಲಿಸಿ: ಎಡ ಗೆರೆ ಹತ್ತಿರ ಆಪೊಸಿಟ್, ಅವಳ ಬಲಕ್ಕೆ ಮಿಡಲ್, ಮಿಡಲ್‌ನ ಬಲಕ್ಕೆ ಹೊರ ಅಟ್ಯಾಕರ್. ಈ ಕ್ರಮ ತಪ್ಪಿದ್ರೆ ರೆಫರಿ ಪೊಸಿಶನ್ ಫಾಲ್ಟ್ ಕೊಡ್ತಾರೆ. ಸೆಟ್ಟರ್ ಹೊರ ಅಟ್ಯಾಕರ್‌ಗಿಂತ ಹಿಂದೆ ಇರಬೇಕು ಅನ್ನೋದನ್ನೂ ನೋಡ್ಕೊಳ್ಳಿ. ಸರ್ವ್ ಹೊಡೆದ ಕೂಡಲೇ ಹೊರ ಅಟ್ಯಾಕರ್ 4ಕ್ಕೆ, ಆಪೊಸಿಟ್ ಬಲಕ್ಕೆ ಓಡಬೇಕು. ಪಾಸ್ ಎತ್ತರ ಬಂದ್ರೆ ಮಾತ್ರ ಇಷ್ಟು ಓಟಕ್ಕೆ ಸಮಯ ಸಿಗುತ್ತೆ, ಚಪ್ಪಟೆ ಪಾಸ್‌ಗೆ ಆಪೊಸಿಟ್ ದಾರಿಯಲ್ಲೇ ಉಳೀತಾಳೆ.

ಇದನ್ನ ಪ್ರಾಕ್ಟೀಸಲ್ಲಿ ಹೀಗೆ ಮಾಡಿಸಿ. ಆರು ಜನ ಇದೇ ರೊಟೇಶನ್‌ನಲ್ಲಿ ನಿಲ್ಲಲಿ, ಎದುರಿನವರು ಬೇಸ್‌ಲೈನಿನಿಂದ ನಿಜವಾದ ಸರ್ವ್ ಮಾಡಲಿ, ಕೋಚ್ ಅರ್ಧ ಕೋರ್ಟಿನಿಂದ ಎಸೆಯೋದು ಬೇಡ. ಆ ಆರು ಜನ ಸರ್ವ್ ರ‍್ಯಾಲಿ ಗೆದ್ದ ತಕ್ಷಣ ಅವರಿಗೇ ಒಂದು ಸುಲಭದ ಬಾಲ್ ಹಾಕಿ. ಎರಡೂ ಸತತ ಗೆದ್ರೆ ಒಂದು ಪಾಯಿಂಟ್, ಒಂದು ಗೆದ್ದು ಒಂದು ಸೋತರೆ ಏನೂ ಇಲ್ಲ, ಮತ್ತೆ ಮೊದಲಿಂದ. ಐದು ಪಾಯಿಂಟ್ ಆದ ಮೇಲೇ ಮುಂದಿನ ರೊಟೇಶನ್. 20 ನಿಮಿಷಕ್ಕೂ ಆಗದಿದ್ರೆ ನಿಲ್ಲಿಸಿ. ಸುಸ್ತಾದ ಕೈ ಬಾಲನ್ನ ಬೀಸಿ ಹೊಡೆಯೋಕೆ ಶುರು ಮಾಡುತ್ತೆ, ಅದೇ ಕೆಟ್ಟ ರೂಢಿಯಾಗುತ್ತೆ.