ಮೂಗಿಗೆ ಸೀಸ ಕಟ್ಟೋದಾ, ಬಾಲ ಉದ್ದ ಮಾಡೋದಾ? ನಮ್ಮ ಬ್ಯಾಚ್ ಗ್ರೂಪಲ್ಲಿ ನಡೆದ ಚರ್ಚೆ

ಗಿರೀಶ: ಪ್ರಸನ್ನ, ಮೇಲೆ ಫಾರ್ವರ್ಡ್ ಮಾಡಿರೋ ವಿಡಿಯೊ ನಿಂಗೇ ಹಾಕಿದ್ದು. ನೀನು ಕಟ್ತಿರೋ ಅದೇ ಕೆಆರ್-2, ಮನೇಲೇ ಕಟ್ಕೊಳ್ಳೋ ಇಬ್ಬರ ಪುಟ್ಟ ವಿಮಾನ. ಟೇಕಾಫ್ ಆಗ್ತಿದ್ದ ಹಾಗೇ ಮೂಗು ಮೇಲೆ ಕೆಳಗೆ ಮೇಲೆ ಕೆಳಗೆ ಆಡ್ತಿದೆ ನೋಡು, ಆಮೇಲೆ ಇಂಜಿನ್ ಹತ್ರ ಸೀಸದ ಗಟ್ಟಿ ಬೋಲ್ಟ್ ಮಾಡಿದಾನೆ, ನೆಟ್ಟಗೆ ಹಾರ್ತಿದೆ. ನೀನೂ ಹಾಗೇ ಮಾಡು, ಮುಗೀತು

ಪ್ರಸನ್ನ: ಥ್ಯಾಂಕ್ಸ್ ಕಣೋ. ಇಲ್ಲಿ ಟೆಕ್ಸಾಸಲ್ಲಿ ಇದನ್ನ ಹಾರಿಸಿರೋರೂ ಪಿಚ್ (ಮೂಗು ಏಳೋದು ಇಳಿಯೋದು) ತುಂಬಾ ಚುರುಕು, ಸ್ಟಿಕ್ಕನ್ನ ಬೆರಳಲ್ಲೇ ಹಿಡಿ ಅಂತಾನೇ ಹೇಳ್ತಾರೆ

ಶೈಲಜಾ: ಗಿರಿ ಒಂದ್ನಿಮಿಷ. ಸೀಸ ಹಾಕಿದ್ರೆ ಸಿಜಿ, ಅಂದ್ರೆ ವಿಮಾನದ ತೂಕದ ಕೇಂದ್ರ, ಮುಂದೆ ಬರುತ್ತೆ, ಸ್ಥಿರತೆ ಜಾಸ್ತಿ ಆಗುತ್ತೆ, ಅಲ್ಲೀವರೆಗೆ ನೀನು ಹೇಳೋದು ಸರಿ. ಆದ್ರೆ ಮೂಗು ಭಾರ ಆದಷ್ಟೂ ಇಳಿಯೋವಾಗ ಅದನ್ನ ಎತ್ತೋಕೆ ಎಲಿವೇಟರ್, ಅಂದ್ರೆ ಬಾಲದಲ್ಲಿ ಮೇಲೆ ಕೆಳಗೆ ಆಡೋ ಹಲಗೆ, ಜಾಸ್ತಿ ತಿರುಗ್ಬೇಕು, ಆ ಹೊತ್ತಲ್ಲಿ ಸ್ಪೀಡ್ ಕಮ್ಮಿ ಇರುತ್ತೆ, ಸ್ಟಿಕ್ ಪೂರ್ತಿ ಹೊಟ್ಟೆಗೆ ಎಳೆದ್ರೂ ಮೂಗು ಏಳಲ್ಲ. ತೂಕ ಹೆಚ್ಚಾಗಿದ್ದಕ್ಕೆ ಸ್ಟಾಲ್ ಸ್ಪೀಡೂ (ಅದಕ್ಕಿಂತ ನಿಧಾನ ಆದ್ರೆ ರೆಕ್ಕೆ ಎತ್ತಲ್ಲ ಅನ್ನೋ ಸ್ಪೀಡ್) ಮೇಲೆ ಹೋಗಿರುತ್ತೆ

ಗಿರೀಶ: ವಿಡಿಯೊದಲ್ಲಿ ಚೆನ್ನಾಗೇ ಇಳಿಸಿದ್ನಲ್ಲ

ಶೈಲಜಾ: ಒಬ್ಬ ಒಂದಿನ ಇಳಿಸಿದ್ದು ಪ್ರೂಫ್ ಅಲ್ಲ ಕಣೋ. 1930ರ ದಶಕದಲ್ಲಿ ಫ್ರಾನ್ಸಿನ ಆನ್ರಿ ಮಿನ್ಯೆ ಮಾಡಿದ ಫ್ಲೈಯಿಂಗ್ ಫ್ಲೀ ಗೊತ್ತಲ್ಲ, ಹಿಂದೆ ಮುಂದೆ ಎರಡು ರೆಕ್ಕೆ, ಸ್ಟಿಕ್ ಎಳೆದ್ರೆ ಮುಂದಿನ ರೆಕ್ಕೇನೇ ವಾಲುತ್ತೆ. ಜನ ಮನೇಲೇ ಕಟ್ಕೊಂಡು ಖುಷಿಯಾಗಿ ಹಾರಿಸಿದ್ರು, ಆಮೇಲೆ ಒಂದೊಂದಾಗಿ ಮೂಗು ಕೆಳಗಾಗಿ ಬಿದ್ವು, ಜನ ಸತ್ರು. 1936ರಲ್ಲಿ ವಿಂಡ್ ಟನಲ್‌ನಲ್ಲಿ (ಗಾಳಿ ಊದಿ ಪರೀಕ್ಷೆ ಮಾಡೋ ಸುರಂಗ) ಇಟ್ಟು ನೋಡಿದಾಗ ಗೊತ್ತಾಗಿದ್ದು ಏನಂದ್ರೆ ಎರಡು ರೆಕ್ಕೆ ತೀರಾ ಹತ್ರ ಇವೆ, ಡೈವ್‌ನಲ್ಲಿ ಸ್ಟಿಕ್ ಎಳೆದ್ರೆ ಮಧ್ಯದ ಸಂದಿಯಿಂದ ನುಗ್ಗೋ ಗಾಳಿ ಹಿಂದಿನ ರೆಕ್ಕೆಯ ಮೇಲೆತ್ತೋ ಬಲಾನ ಹೆಚ್ಚಿಸಿ ಮೂಗನ್ನ ಇನ್ನೂ ಕೆಳಗೆ ತಳ್ತಿತ್ತು. ಅದಕ್ಕೂ ಮುಂಚೆ ಎಷ್ಟೋ ಜನ ಆರಾಮಾಗಿ ಹಾರಿಸಿದ್ರು

ಮಂಜು: ಮೂಗನ್ನ ಹಿಡಿತದಲ್ಲಿಡೋಕೆ ಹಿಂದೆ ಬಾಲಾನೇ ಬೇಕು ಅಂತೇನಿಲ್ಲ ಶೈಲು. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವ್ರು 1987ರಲ್ಲಿ ಹಾರಿಸಿದ ಪುಟ್ಟ ವಿಮಾನ ಎಲ್‌ಸಿಆರ್‌ಎ ಕೆನಾರ್ಡ್ ತಾನೆ, ಚಿಕ್ಕ ರೆಕ್ಕೆ ಮುಂದೆ

ಶೈಲಜಾ: ಹೂಂ, ಆದ್ರೆ ಅದಕ್ಕೂ ಸಿಜಿ ನ್ಯೂಟ್ರಲ್ ಪಾಯಿಂಟಿಗಿಂತ (ಸಿಜಿ ಅದರ ಹಿಂದೆ ಹೋದ್ರೆ ಸ್ಥಿರತೆ ಹೋಗೋ ಜಾಗ) ಮುಂದೇನೇ ಇರ್ಬೇಕು ಮಂಜು, ಅದನ್ನ ತಪ್ಪಿಸ್ಕೊಳ್ಳೋಕಾಗಲ್ಲ. ಪ್ರಸನ್ನ, ನಿನ್ನ ಪೆಟ್ರೋಲ್ ಟ್ಯಾಂಕ್ ಎಲ್ಲಿದೆ?

ಪ್ರಸನ್ನ: ಡ್ಯಾಶ್‌ಬೋರ್ಡ್ ಮುಂದೆ, ಫೈರ್‌ವಾಲ್ (ಇಂಜಿನ್ನಿಗೂ ನಮಗೂ ಮಧ್ಯದ ಗೋಡೆ) ಹಿಂದೆ. ಹಳೇ ಡ್ರಾಯಿಂಗಲ್ಲಿ ಇದ್ದ ಹಾಗೇ

ಶೈಲಜಾ: ಅದನ್ನೇ ನಾನು ಹೇಳ್ತಿರೋದು! ಪೆಟ್ರೋಲ್ ಖಾಲಿ ಆಗ್ತಾ ಆಗ್ತಾ ಸಿಜಿ ಹಿಂದಕ್ಕೆ ಸರಿಯುತ್ತೆ. ಹೊರಡೋವಾಗ ಚೆನ್ನಾಗಿದ್ದ ವಿಮಾನ ಲ್ಯಾಂಡಿಂಗ್ ಹೊತ್ತಿಗೆ ಚಂಚಲ ಆಗಿರುತ್ತೆ, ಪಕ್ಕದಲ್ಲಿ ದಪ್ಪ ಆಸಾಮಿ ಕೂತು ಹಿಂದೆ ಬ್ಯಾಗ್ ಇಟ್ರೆ ಮುಗೀತು. ಆದ್ರಿಂದ ಫುಲ್ ಟ್ಯಾಂಕ್, ಖಾಲಿ ಟ್ಯಾಂಕ್, ಒಬ್ರು, ಇಬ್ರು, ಎಲ್ಲಾ ಲೆಕ್ಕಾನೂ ಹಾಕ್ಬೇಕು

ಗಿರೀಶ: ಸರಿ ಹಿಂದಕ್ಕೆ ಹೋಗುತ್ತೆ ಅಂದ್ಮೇಲೆ ಸೀಸ ಹಾಕೋದೇ ತಾನೆ ಪರಿಹಾರ??

ಶೈಲಜಾ: ಇರೋದನ್ನೇ ಜರುಗಿಸು, ಹೊಸ ತೂಕ ಯಾಕೆ. ಒಟ್ಟು 400 ಕೆಜಿ ವಿಮಾನದಲ್ಲಿ 9 ಕೆಜಿ ಬ್ಯಾಟ್ರೀನ ಸೀಟ್ ಹಿಂದಿನಿಂದ ಫೈರ್‌ವಾಲಿಗೆ 120 ಸೆಂಟಿಮೀಟರ್ ಮುಂದೆ ತಂದ್ರೆ 9 ಇಂಟು 120 ಬೈ 400, ಸಿಜಿ 2.7 ಸೆಂಟಿಮೀಟರ್ ಮುಂದೆ ಬಂತು. ಒಂದ್ ಗ್ರಾಮೂ ಸೇರ್ಸಿಲ್ಲ

ಪ್ರಸನ್ನ: ಬ್ಯಾಟ್ರಿ ಸೀಟ್ ಹಿಂದೇನೇ ಇದೆ. ಸ್ಟಿಕ್ಕಿಗೆ ಸ್ಪ್ರಿಂಗ್ ಹಾಕು ಅಂತ ಒಬ್ರು ಹೇಳಿದ್ರು, ಅದು?

ಶೈಲಜಾ: ಕೈಗೆ ಭಾರ ಬರುತ್ತೆ, ನೀನು ಜಾಸ್ತಿ ಎಳೆದು ತಳ್ಳಿ ಮಾಡೋದು ತಪ್ಪುತ್ತೆ, ಆ ಮಟ್ಟಿಗೆ ಒಳ್ಳೇದೇ. ಆದ್ರೆ ಸ್ಟಿಕ್ ಗಟ್ಟಿಯಾಗಿ ಹಿಡಿದಾಗ ವಿಮಾನ ಮೊದ್ಲು ಹೇಗಿತ್ತೋ ಹಾಗೇ ಇರುತ್ತೆ. ನಿಜವಾದ ರಿಪೇರಿ ಬಾಲದಲ್ಲಿದೆ. ಬಾಲದ ಅಡ್ಡ ರೆಕ್ಕೆಯ ವಿಸ್ತೀರ್ಣ ಇಂಟು ಸಿಜಿಯಿಂದ ಅದಕ್ಕಿರೋ ದೂರ, ಅದನ್ನ ರೆಕ್ಕೆ ವಿಸ್ತೀರ್ಣ ಇಂಟು ಕಾರ್ಡ್‌ನಿಂದ (ರೆಕ್ಕೆಯ ಮುಂದಿಂದ ಹಿಂದಕ್ಕಿರೋ ಅಗಲ) ಭಾಗಿಸು, ಸಣ್ಣ ವಿಮಾನಕ್ಕೆ 0.5 ಆಸುಪಾಸು ಬಂದ್ರೆ ನೆಮ್ಮದಿ. ದೂರಾನ 10 ಪರ್ಸೆಂಟ್ ಜಾಸ್ತಿ ಮಾಡಿದ್ರೆ ಈ ನಂಬರೂ 10 ಪರ್ಸೆಂಟ್ ಏರುತ್ತೆ, ಮೂಗಿನ ಕುಣಿತ ತಣಿಸೋ ಡ್ಯಾಂಪಿಂಗ್ ಮಾತ್ರ ದೂರದ ವರ್ಗಕ್ಕೆ (ದೂರ ಇಂಟು ದೂರ) ತಕ್ಕಂತೆ ಹೋಗೋದ್ರಿಂದ 21 ಪರ್ಸೆಂಟ್. ಆಮೇಲೆ ಬಂದ ಕೆಆರ್-2ಎಸ್‌ನಲ್ಲಿ ಬಾಡೀನ ಒಂದೂಕಾಲು ಅಡಿಗಿಂತ ಹೆಚ್ಚು ಉದ್ದ ಮಾಡಿರೋದು ಸುಮ್ನೆ ಅಲ್ಲ

ಗಿರೀಶ: ಬಾಲ ಉದ್ದ ಆದ್ರೆ ಅದರ ತೂಕಾನೇ ಸಿಜಿನ ಹಿಂದಕ್ಕೆ ಎಳೆಯಲ್ವಾ? ಆಗ ಮತ್ತೆ ನನ್ನ ಸೀಸಾನೇ ಬೇಕು

ಶೈಲಜಾ: ಎಳೆಯುತ್ತೆ, ಕರೆಕ್ಟಾಗಿ ಹಿಡಿದೆ. ಅದಕ್ಕೇ ಬಾಲದ ಮೇಲೆ ರೆಸಿನ್ (ಗಟ್ಟಿಯಾಗೋ ಅಂಟು) ಸುರೀಬೇಡ, ಇಂಜಿನ್ ಮೌಂಟ್ (ಇಂಜಿನ್ ಹಿಡಿದಿಡೋ ಚೌಕಟ್ಟು) ಸ್ವಲ್ಪ ಉದ್ದ ಮಾಡು ಅನ್ನೋದು. ಇಷ್ಟೆಲ್ಲಾ ಆದ್ಮೇಲೂ ಲೆಕ್ಕ ಕೂಡ್ಲಿಲ್ಲ ಅಂದ್ರೆ ಆಗ ಸೀಸ, ನಾನು ಬೇಡ ಅನ್ನಲ್ಲ

ಪ್ರಸನ್ನ: ಬಾಲ ಮಾಡೋ ಫೋಮ್ ಇನ್ನೂ ಕಟ್ ಮಾಡಿಲ್ಲ. ಈ ಶನಿವಾರ ತೂಕ ಹಾಕ್ತೀನಿ

ಶೈಲಜಾ: ಮೂರೂ ಚಕ್ರದ ಕೆಳಗೆ ತಕ್ಕಡಿ ಇಡು, ಬಾಲ ಎತ್ತಿ ಹಾರೋವಾಗಿನ ಲೆವೆಲ್ಲಿಗೆ ತಾ, ರೆಕ್ಕೆ ಮುಂದಿನ ಅಂಚಿಂದ ದಾರಕ್ಕೆ ಕಟ್ಟಿದ ತೂಕದ ಗುಂಡು ಬಿಟ್ಟು ನೆಲದ ಮೇಲೆ ಚಾಕ್‌ಪೀಸಲ್ಲಿ ಗೆರೆ ಎಳಿ, ಚಕ್ರಗಳ ದೂರಾನ ಆ ಗೆರೆಯಿಂದಾನೇ ಅಳಿ. ಗ್ಯಾರೇಜ್ ಬಾಗಿಲು ಮುಚ್ಚಿರು, ಗಾಳಿ ಬಂದ್ರೆ ತಕ್ಕಡಿ ಸುಳ್ಳು ಹೇಳುತ್ತೆ. ಮೂರು ನಂಬರ್ ಇಲ್ಲೇ ಹಾಕು

ಗಿರೀಶ: ಇಂಜಿನ್ ಮೌಂಟ್ ಎಷ್ಟು ಉದ್ದ ಅಂತ ಗೊತ್ತಾದ್ಮೇಲೆ ಡ್ರಾಯಿಂಗ್ ಕಳ್ಸು ಪ್ರಸನ್ನ, ವೆಲ್ಡಿಂಗ್ ಜಾಯಿಂಟ್ ನಾನೊಂದ್ಸಲ ನೋಡ್ತೀನಿ