ಹಳೆಯ ಬೈಕಿನ ಗೇರ್ ಶಿಫ್ಟ್ ರಿಟರ್ನ್ ಸ್ಪ್ರಿಂಗ್: ಹೊಸದು ಮಾಡಿಸುವ ಲೆಕ್ಕ ಮತ್ತು ಪರೀಕ್ಷೆ

ಚೈನ್‌ಕವರ್:

ಏರ್-ಕೂಲ್ಡ್ ಸಿಂಗಲ್ ಸಿಲಿಂಡರ್, ಹಳೆಯ ಮಾಡೆಲ್. ಗೇರ್ ಶಾಫ್ಟ್ ಮೇಲಿನ ರಿಟರ್ನ್ ಸ್ಪ್ರಿಂಗ್ ಮುರಿದಿದೆ. ಗೇರ್ ಬೀಳುತ್ತದೆ, ಆದರೆ ಲಿವರ್ ನಡುವಿಗೆ ವಾಪಸ್ ಬರುವುದಿಲ್ಲ, ಪ್ರತಿ ಸಲ ಕಾಲಲ್ಲೇ ಎತ್ತಿ ತರಬೇಕು. ಕಂಪನಿ ಪಾರ್ಟ್ ಈಗ ಎಲ್ಲೂ ಇಲ್ಲ. ತಂತಿ ತಂದು ಸುತ್ತಿಸುವ ಯೋಚನೆ.

ಎರಡು ತುಂಡೂ ಸಿಕ್ಕಿವೆ, ಜೋಡಿಸಿ ಅಳೆದದ್ದು ಹೀಗಿದೆ. ತಂತಿ 2.5 ಮಿ.ಮೀ., ಸುರುಳಿಯ ಒಳವ್ಯಾಸ 17, ಸುತ್ತು ಮೂರೂವರೆ, ಕಾಲುಗಳು (ಸುರುಳಿಯಿಂದ ಹೊರಚಾಚಿದ ತಂತಿಯ ಎರಡು ತುದಿಗಳು) ತಲಾ 28 ಮಿ.ಮೀ. ಕಾಲುಗಳು ಸುರುಳಿಯಿಂದ ಹೊರಬಂದ ಮೇಲೆ ಒಂದನ್ನೊಂದು ದಾಟಿ, ಕ್ರ್ಯಾಂಕ್‌ಕೇಸ್ ಪಿನ್ನನ್ನೂ ಶಾಫ್ಟಿನ ನಾಲಿಗೆಯನ್ನೂ (ಶಾಫ್ಟಿನ ಜೊತೆ ತಿರುಗುವ ಚಾಚು ತುಂಡು) ನಡುವೆ ಹಿಡಿಯುತ್ತವೆ. ಹೊರಗಿಟ್ಟಾಗ ಕಾಲುಗಳು ಕೂರುವ ಸ್ಥಾನಕ್ಕಿಂತ ಸುಮಾರು 20 ಡಿಗ್ರಿ ಒಳಕ್ಕಿರುತ್ತವೆ. ಶಾಫ್ಟ್ ಎರಡೂ ಕಡೆಗೆ 16 ಡಿಗ್ರಿ ತಿರುಗುತ್ತದೆ. ಶಾಫ್ಟ್ ನಡುವಿನಿಂದ ಲಿವರಿನ ರಬ್ಬರ್‌ವರೆಗೆ 120 ಮಿ.ಮೀ. ಮುರಿದದ್ದು ಕಾಲು ಶುರುವಾಗುವ ಬಾಗಿನಲ್ಲಿ. ಅಲ್ಲಿ ಒಳತ್ರಿಜ್ಯ ಹೆಚ್ಚೆಂದರೆ 1 ಮಿ.ಮೀ.

ಪ್ರಶ್ನೆ ಎರಡು. ಮತ್ತೆ ಮುರಿಯದಿರಲು 3 ಮಿ.ಮೀ. ತಂತಿ ಹಾಕಿಸಲೇ? ಎಂಜಿನ್ ಮುಚ್ಚುವ ಮೊದಲು ಸ್ಪ್ರಿಂಗನ್ನು ಪರೀಕ್ಷಿಸುವುದು ಹೇಗೆ?

---

ಮೈಕ್ರೋಮೀಟರ್:

3 ಮಿ.ಮೀ. ಬೇಡ. ಕಾರಣ ಲೆಕ್ಕದಲ್ಲೇ ಇದೆ.

ಮೊದಲು ತಂತಿಯನ್ನು ವರ್ನಿಯರ್ ಬಿಟ್ಟು ಮೈಕ್ರೋಮೀಟರಿನಲ್ಲಿ ಅಳೆಯಿರಿ, ಸವೆಯದ ಜಾಗದಲ್ಲಿ, ಎರಡು ದಿಕ್ಕಿನಲ್ಲಿ. ಸ್ಪ್ರಿಂಗಿನ ಬಿಗಿತ ತಂತಿ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ. 2.5 ಇದ್ದದ್ದನ್ನು 2.6 ಅಂತ ಓದಿದರೆ ಲೆಕ್ಕ 17 ಶೇಕಡಾ ಹಾರಿಹೋಗುತ್ತದೆ.

ಒಂದು ಡಿಗ್ರಿಗೆ ಎಷ್ಟು ಟಾರ್ಕ್:
ಸ್ಥಿತಿಸ್ಥಾಪಕ ಗುಣಾಂಕ × ತಂತಿ ವ್ಯಾಸ⁴ ÷ (3667 × ಸರಾಸರಿ ವ್ಯಾಸ × ದುಡಿಯುವ ಸುತ್ತು)

ಮ್ಯೂಸಿಕ್ ವೈರ್‌ಗೆ (ಹೆಚ್ಚು ಇಂಗಾಲದ ಸ್ಪ್ರಿಂಗ್ ಉಕ್ಕಿನ ತಂತಿ) ಗುಣಾಂಕ 2,06,000 ಮೆಗಾಪಾಸ್ಕಲ್ ಹಿಡಿಯಿರಿ. ಸರಾಸರಿ ವ್ಯಾಸ 17 + 2.5 = 19.5. ಕಾಲುಗಳೂ ಬಳುಕುತ್ತವೆ, ಅದನ್ನೂ ಸೇರಿಸಬೇಕು: ಎರಡೂ ಕಾಲಿನ ಉದ್ದ 56 ÷ (3 × 3.14 × 19.5), ಅಂದರೆ ಸುಮಾರು 0.3 ಸುತ್ತು. ಒಟ್ಟು 3.8. ಡಿಗ್ರಿಗೆ 29.6 ನ್ಯೂಟನ್-ಮಿ.ಮೀ. ಬರುತ್ತದೆ.

ಲಿವರ್ ನಡುವೆ ಇದ್ದಾಗ 20 ಡಿಗ್ರಿ ಪ್ರೀಲೋಡ್ (ಕೂರಿಸುವಾಗಲೇ ಕೊಟ್ಟ ಬಿಗಿ): ಸುಮಾರು 590 ನ್ಯೂಟನ್-ಮಿ.ಮೀ. ಪೂರ್ತಿ ಒತ್ತಿದಾಗ 36 ಡಿಗ್ರಿ: ಸುಮಾರು 1065. ಸ್ಪ್ರಿಂಗ್ ಒಂದಕ್ಕೇ ಸವಾರನ ಪಾದಕ್ಕೆ ಸಿಗುವ ತಡೆ 5ರಿಂದ 9 ನ್ಯೂಟನ್. ಉಳಿದದ್ದು ಡ್ರಮ್ಮನ್ನು (ಗೇರ್ ಬದಲಿಸಲು ತಿರುಗುವ ಉರುಳೆ) ಜಾಗದಲ್ಲಿ ಹಿಡಿಯುವ ಸ್ಟಾಪರ್ ಸ್ಪ್ರಿಂಗಿನದ್ದು.

ಈಗ ಸ್ಟ್ರೆಸ್, ಅಂದರೆ ತಂತಿಯೊಳಗಿನ ಒತ್ತಡ. ನೇರ ತಂತಿಯಾಗಿದ್ದರೆ 32 × ಟಾರ್ಕ್ ÷ (3.14 × ವ್ಯಾಸ³) = 694 ಮೆಗಾಪಾಸ್ಕಲ್. ಸುರುಳಿಯ ಒಳಮೈಯಲ್ಲಿ ಬಾಗಿದ ಕಾರಣಕ್ಕೆ ಇದು 1.1 ಪಟ್ಟು ಏರಿ 767 ಆಗುತ್ತದೆ. 2.5 ಮಿ.ಮೀ. ಮ್ಯೂಸಿಕ್ ವೈರಿನ ಎಳೆತದ ಬಲ (ಎಳೆದಾಗ ತುಂಡಾಗುವ ಒತ್ತಡ) 1,930ರ ಆಸುಪಾಸು. ಅಂದರೆ ಸುರುಳಿ ದುಡಿಯುತ್ತಿರುವುದು 40 ಶೇಕಡಾದಲ್ಲಿ, ಅದು ಮುರಿಯುವ ಜಾಗವೇ ಅಲ್ಲ.

ನಿಮ್ಮ 1 ಮಿ.ಮೀ. ಬಾಗಿನಲ್ಲಿ ಅದೇ ಗುಣಕ 1.76 ಆಗುತ್ತದೆ. ಸ್ಟ್ರೆಸ್ 1,220, ಎಳೆತದ ಬಲದ 63 ಶೇಕಡಾ. (ಬಾಗಿನಲ್ಲಿ ಮೊಮೆಂಟ್ ಸ್ವಲ್ಪ ಕಡಿಮೆ ಇರುತ್ತದೆ, ಪೂರ್ತಿ ಹಿಡಿದು ಲೆಕ್ಕ ಹಾಕಿದ್ದೇನೆ.) ಶಾಟ್ ಪೀನಿಂಗ್ (ಸಣ್ಣ ಗುಂಡುಗಳನ್ನು ರಭಸದಿಂದ ಬಡಿಸಿ ಮೇಲ್ಮೈ ಗಟ್ಟಿ ಮಾಡುವುದು) ಮಾಡದ ಮ್ಯೂಸಿಕ್ ವೈರ್ ಟಾರ್ಷನ್ ಸ್ಪ್ರಿಂಗಿಗೆ (ಇಂಥ ತಿರುಚಿ ದುಡಿಯುವ ಸ್ಪ್ರಿಂಗ್) ಲಕ್ಷ ಸಲಕ್ಕೆ 53 ಶೇಕಡಾ, ಹತ್ತು ಲಕ್ಷ ಸಲಕ್ಕೆ 50 ಶೇಕಡಾ ಮಿತಿ ಅಂತ ಹಿಡಿಯುವುದು ರೂಢಿ. ಅದರ ಮೇಲೆ ಬಗ್ಗಿಸಿದ ಉಪಕರಣದ ಗೀರೊಂದು ಒಳಮೈಯಲ್ಲಿ ಬಿದ್ದಿದ್ದರೆ ಮುರಿಯದೆ ಇನ್ನೇನು?

ಬಾಗಿನ ಒಳತ್ರಿಜ್ಯ 3 ಮಿ.ಮೀ. ಮಾಡಿಸಿ. ಗುಣಕ 1.28ಕ್ಕೆ ಇಳಿಯುತ್ತದೆ, ಸ್ಟ್ರೆಸ್ 890, ಅಂದರೆ 46 ಶೇಕಡಾ. ತಂತಿ ಅದೇ, ಸುತ್ತು ಅದೇ, ಟಾರ್ಕೂ ಅದೇ.

3 ಮಿ.ಮೀ. ತಂತಿ ಹಾಕಿದರೆ ಏನಾಗುತ್ತದೆ ನೋಡಿ. ಇಲ್ಲಿ ತಿರುಗುವ ಕೋನವನ್ನು ನಿರ್ಧರಿಸುವುದು ಗೇರ್‌ಬಾಕ್ಸ್. ಅದೇ 36 ಡಿಗ್ರಿಗೆ ಟಾರ್ಕ್ 2,150 ದಾಟುತ್ತದೆ, ಲಿವರ್ ಎರಡು ಪಟ್ಟು ಗಟ್ಟಿ. ಸುರುಳಿಯ ಸ್ಟ್ರೆಸ್ 767ರಿಂದ 915ಕ್ಕೆ ಏರುತ್ತದೆ. ದಪ್ಪ ತಂತಿಯ ಎಳೆತದ ಬಲ ಬೇರೆ ಸ್ವಲ್ಪ ಕಡಿಮೆ, ಹಾಗಾಗಿ 40 ಶೇಕಡಾ ಇದ್ದದ್ದು 49. ಕೋನ ಕಟ್ಟಿಟ್ಟ ಕಡೆ ತಂತಿ ದಪ್ಪವಾದಷ್ಟೂ ಬೇಗ ದಣಿಯುತ್ತದೆ. ಪಿನ್ನಿನ ಮೇಲೂ ಎರಡು ಪಟ್ಟು ಭಾರ.

---

ಕ್ಲಚ್‌ಪ್ಲೇಟ್:

ಮೇಲಿನ ಗೇರಿಗೆ ಒಂದು ಕಾಲು, ಕೆಳಗಿನ ಗೇರಿಗೆ ಇನ್ನೊಂದು ಕಾಲು ದುಡಿಯುತ್ತದಲ್ಲವೇ? ಹಾಗಾದರೆ ಒಂದೊಂದು ಕಾಲಿಗೆ ಅರ್ಧವೇ ಸೈಕಲ್ (ಭಾರ ಒಂದು ಸಲ ಏರಿ ಇಳಿಯುವುದು). ಮಿತಿಯನ್ನು ಸ್ವಲ್ಪ ಸಡಿಲಿಸಬಹುದು ಅನ್ನಿಸುತ್ತದೆ. ಇನ್ನೊಂದು: ಒಂದು ಸುತ್ತು ಜಾಸ್ತಿ ಹಾಕಿಸಿದರೆ ಸ್ಟ್ರೆಸ್ ಇಳಿಯುತ್ತದೆ.

---

ಮೈಕ್ರೋಮೀಟರ್:

ಮೊದಲನೆಯದು ಹಾಗಲ್ಲ. ನಾಲಿಗೆ ಒಂದು ಕಾಲನ್ನು ತಳ್ಳುವಾಗ ಇನ್ನೊಂದು ಕಾಲು ಪಿನ್ನಿಗೆ ಅಷ್ಟೇ ಬಲದಿಂದ ಒರಗಿರುತ್ತದೆ. ಚಲಿಸುವುದು ಒಂದು, ಭಾರ ಹೊರುವುದು ಎರಡೂ. ಪ್ರತಿ ಶಿಫ್ಟಿಗೂ ಎರಡು ಬಾಗಿಗೂ ಒಂದೊಂದು ಸೈಕಲ್ ಲೆಕ್ಕ.

ಎರಡನೆಯದು ಅರ್ಧ ಸರಿ. ನಾಲ್ಕೂವರೆ ಸುತ್ತಿಗೆ ಡಿಗ್ರಿಗೆ 23.4 ಆಗುತ್ತದೆ. ಕೋನ ಬದಲಿಸದಿದ್ದರೆ ಸ್ಟ್ರೆಸ್ ಖಂಡಿತ ಇಳಿಯುತ್ತದೆ, ಜೊತೆಗೆ ಲಿವರ್ ಎತ್ತುವ ಶಕ್ತಿಯೂ ಇಳಿಯುತ್ತದೆ. ಗರಿಷ್ಠ ಟಾರ್ಕ್ ಅಷ್ಟೇ ಬೇಕೆಂದು ಪ್ರೀಲೋಡ್ ಕೋನವನ್ನು 29 ಡಿಗ್ರಿಗೆ ಏರಿಸಿದರೆ ಗರಿಷ್ಠ ಸ್ಟ್ರೆಸ್ ಮೊದಲಿನಷ್ಟೇ. ಲಾಭವಾಗುವುದು ಏರಿಳಿತದಲ್ಲಿ: 590–1065 ಇದ್ದದ್ದು 690–1065 ಆಗುತ್ತದೆ. ಜಾಗವಿದ್ದರೆ ಮಾಡಿ. ಸುರುಳಿಯ ಎತ್ತರ ಹತ್ತಿರಹತ್ತಿರ 14 ಮಿ.ಮೀ. ಆಗುತ್ತದೆ, ಗೇರ್ ಶಾಫ್ಟಿನ ತೋಳಿಗೂ ವಾಷರಿಗೂ ನಡುವೆ ಅಷ್ಟು ಇದೆಯೇ ನೋಡಿಕೊಳ್ಳಬೇಕು.

---

ತಂತಿಸುರುಳಿ:

ಮಾಡಿಸುವ ಕಡೆಯ ಮಾತು.

ಕಾಲುಗಳು ದಾಟಿಕೊಂಡಿವೆ ಅಂದಿರಿ, ಅದು ಒಳ್ಳೆಯದು. ದಾಟಿದ ಕಾಲುಗಳನ್ನು ಅಗಲಿಸಿದರೆ ಸುರುಳಿ ಬಿಗಿಯಾಗುತ್ತದೆ. ದಾಟದ ಕಾಲುಗಳನ್ನು ಅಗಲಿಸಿದರೆ ಬಿಚ್ಚಿಕೊಳ್ಳುತ್ತದೆ. ತಣ್ಣಗೆ ಸುತ್ತಿದ ತಂತಿಯ ಒಳಮೈಯಲ್ಲಿ ಎಳೆತ ಉಳಿದಿರುತ್ತದೆ. ಬಿಗಿಯಾಗುವ ದಿಕ್ಕಿನಲ್ಲಿ ದುಡಿದರೆ ಅದು ಕಳೆದುಹೋಗುತ್ತದೆ, ಬಿಚ್ಚುವ ದಿಕ್ಕಿನಲ್ಲಿ ಕೂಡಿಕೊಳ್ಳುತ್ತದೆ. ಹಾಗಾಗಿ ಬಲಸುತ್ತೋ ಎಡಸುತ್ತೋ, ದಾಟುವ ರೀತಿ, ಎರಡನ್ನೂ ಹಳೆಯದರಂತೆಯೇ ಚಿತ್ರ ಬರೆದು ಕೊಡಿ, ಬಾಯಲ್ಲಿ ಹೇಳಿ ಬರಬೇಡಿ. ತಪ್ಪು ಸುತ್ತಿನ ಸ್ಪ್ರಿಂಗ್ ಶಾಫ್ಟಿನ ಮೇಲೆ ಕೂರುತ್ತದೆ, ಆದರೆ ಕಾಲುಗಳ ಎತ್ತರ ಅದಲುಬದಲಾಗಿ ಒಂದು ಕಾಲು ನಾಲಿಗೆಯ ತುದಿಯಲ್ಲಿ ತೂಗಾಡುತ್ತದೆ.

ಬಿಗಿಯಾದಾಗ ಒಳವ್ಯಾಸ ಕುಗ್ಗುತ್ತದೆ. ಮೂರೂವರೆ ಸುತ್ತಿಗೆ 36 ಡಿಗ್ರಿ ಅಂದರೆ 17 ಇದ್ದದ್ದು 16.46. ಒಳಗಿನ ಬುಷ್ (ಸುರುಳಿ ಕೂರುವ ಕೊಳವೆ) 16 ಇದ್ದರೆ ಸರಿ. 16.5 ಇದ್ದರೆ ಕೊನೆಯಲ್ಲಿ ಹಿಡಿದುಕೊಳ್ಳುತ್ತದೆ, ಆಗ ಇಡೀ ಭಾರ ಬಾಗಿಗೇ ಬೀಳುತ್ತದೆ. ಬುಷ್ ಅಳತೆ ನೀವು ಕೊಟ್ಟಿಲ್ಲ, ತಂತಿ ತರುವ ಮೊದಲು ಅದನ್ನು ಅಳೆಯಿರಿ.

ಒಳವ್ಯಾಸ 17 ಬೇಕೆಂದು 17ರ ರಾಡಿಗೆ ಸುತ್ತಬಾರದು, ತಂತಿ ಹಿಂದಕ್ಕೆ ಚಿಮ್ಮುತ್ತದೆ. 15ರಿಂದ ಶುರು ಮಾಡಿ, ಬಂದದ್ದನ್ನು ಅಳೆದು ರಾಡ್ ತಿದ್ದಿಕೊಳ್ಳಿ. ಲೇತನ್ನು ಕೈಯಲ್ಲೇ ತಿರುಗಿಸಿ. ತಂತಿಯ ತುದಿ ಕೈತಪ್ಪಿದರೆ ಚಾಟಿಯಂತೆ ಬೀಸುತ್ತದೆ, ಕನ್ನಡಕ ಕಡ್ಡಾಯ. ಸುತ್ತುಗಳು ಒಂದಕ್ಕೊಂದು ಅಂಟದಂತೆ 0.2 ಮಿ.ಮೀ. ಸಂದು ಬಿಡಿ, ಇಲ್ಲದಿದ್ದರೆ ತಿಕ್ಕಾಟದಲ್ಲಿ ವಾಪಸಾತಿ ಮಂದವಾಗುತ್ತದೆ.

ಬಾಗನ್ನು 6 ಮಿ.ಮೀ. ವ್ಯಾಸದ, ಹೊಳಪು ಕೊಟ್ಟ ಗಡಸು ಪಿನ್ನಿನ ಸುತ್ತ ಬಗ್ಗಿಸಬೇಕು. ಇಕ್ಕಳದ ಹಲ್ಲು ತಂತಿಗೆ ತಾಗಕೂಡದು. ಗ್ಯಾಸ್ ಟಾರ್ಚಿನಲ್ಲಿ ಕೆಂಪಗೆ ಮಾಡಿ ಬಗ್ಗಿಸಿಕೊಡುತ್ತೇವೆ ಅಂದರೆ ತಂತಿ ವಾಪಸ್ ಇಸಿದುಕೊಂಡು ಬನ್ನಿ, ಕೆಂಪಾದ ಜಾಗದಲ್ಲಿ ಅದು ಸ್ಪ್ರಿಂಗಾಗಿ ಉಳಿಯುವುದಿಲ್ಲ.

ಎಲ್ಲ ಬಾಗೂ ಮುಗಿದ ಮೇಲೆ 220–250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಓವನ್. ಮ್ಯೂಸಿಕ್ ವೈರ್ ಆಗ ಇನ್ನಷ್ಟು ಸುತ್ತಿಕೊಂಡು ಕಾಲಿನ ಕೋನ ಒಂದೆರಡು ಡಿಗ್ರಿ ಬದಲಾಗಬಹುದು, ಮೊದಲ ಪೀಸಿನಲ್ಲಿ ಎಷ್ಟು ಅಂತ ಅಳೆದು ಉಳಿದವಕ್ಕೆ ಅಷ್ಟು ಮುಂಚಿತವಾಗಿ ಬಿಡಿ. ಮೂರು ನಾಲ್ಕು ಪೀಸ್ ಒಟ್ಟಿಗೇ ಮಾಡಿಸಿ, ಪರೀಕ್ಷೆಗೆ ಒಂದು ಬಲಿ ಬೇಕೇ ಬೇಕು.

ಜಿಂಕ್ ಪ್ಲೇಟಿಂಗ್ ಬೇಡ. ಎಣ್ಣೆಯೊಳಗಿರುವ ಸ್ಪ್ರಿಂಗಿಗೆ ಅದರ ಅಗತ್ಯವಿಲ್ಲ, ಆಸಿಡ್ ಮತ್ತು ಪ್ಲೇಟಿಂಗಿನಿಂದ ಹೈಡ್ರೋಜನ್ ಒಳಸೇರಿ ಗಡಸು ತಂತಿ ಬಳೆಯಂತೆ ಒಡೆಯುತ್ತದೆ.

---

ಚೈನ್‌ಕವರ್:

ಬುಷ್ 15.9. ಎತ್ತರಕ್ಕೆ ಇರುವ ಜಾಗ 12.5, ಹಾಗಾಗಿ ಮೂರೂವರೆ ಸುತ್ತೇ ಸರಿ. ಸ್ಟೇನ್‌ಲೆಸ್ ಸ್ಪ್ರಿಂಗ್ ವೈರ್ ಸುಲಭವಾಗಿ ಸಿಗುತ್ತಿದೆ, ನಡೆಯುತ್ತದೆಯೇ?

---

ತಂತಿಸುರುಳಿ:

302 ದರ್ಜೆಯದಾದರೆ 2.5 ಮಿ.ಮೀ.ಗೆ ಎಳೆತದ ಬಲ 1,600ರ ಆಸುಪಾಸು. ಬಿಗಿತ ಆರೇಳು ಶೇಕಡಾ ಕಡಿಮೆ. 3 ಮಿ.ಮೀ. ಬಾಗಿನಲ್ಲಿ 830 ಮೆಗಾಪಾಸ್ಕಲ್ ಬರುತ್ತದೆ, ಅದು 52 ಶೇಕಡಾ. ಮಿತಿಯ ತುದಿಯಲ್ಲಿ ನಿಂತಂತೆ. ತುಕ್ಕಿನ ಭಯವಿಲ್ಲದ ಕಡೆ ಈ ರಾಜಿ ಯಾಕೆ? ಎಂಜಿನ್ ಎಣ್ಣೆ ತುಂಬಾ ಬಿಸಿಯಾಗುವ ಬೈಕಾದರೆ ಕ್ರೋಮ್-ಸಿಲಿಕಾನ್ ಉಕ್ಕಿನ ತಂತಿ ಯೋಚಿಸಿ. ಮ್ಯೂಸಿಕ್ ವೈರನ್ನು 120 ಡಿಗ್ರಿವರೆಗೆ ನಂಬಬಹುದು, ಅದರಾಚೆ ನಿಧಾನವಾಗಿ ಸಡಿಲವಾಗುತ್ತದೆ.

---

ಮೈಕ್ರೋಮೀಟರ್:

ಪರೀಕ್ಷೆಯ ಪ್ರಶ್ನೆ ಹಾಗೇ ಉಳಿದಿತ್ತು.

10 ಮಿ.ಮೀ. ದಪ್ಪದ ಪಟ್ಟಿಗೆ ಬುಷ್ ವ್ಯಾಸದ ರಾಡ್ ಒಂದನ್ನು ತಿರುಗುವಂತೆ ಕೂರಿಸಿ. ನಿಜವಾದ ಪಿನ್ನಿನ ದೂರದಲ್ಲಿ ಅದೇ ವ್ಯಾಸದ ಪಿನ್ ಹಾಕಿ. ರಾಡಿಗೆ ನಾಲಿಗೆಯ ಅಗಲದ ತುಂಡು ಮತ್ತು 100 ಮಿ.ಮೀ. ತೋಳು. ತೋಳಿನ ತುದಿಗೆ ಕೊಕ್ಕೆ ತಕ್ಕಡಿ ಸಿಕ್ಕಿಸಿ ಯಾವಾಗಲೂ ತೋಳಿಗೆ ಲಂಬವಾಗಿ ಎಳೆಯಿರಿ. ಓರೆಯಾದರೆ ಓದುವಿಕೆ ಸುಳ್ಳು ಹೇಳುತ್ತದೆ. ನಡುವಿನಿಂದ ಆಗಷ್ಟೇ ಅಲುಗುವಾಗ 600 ಗ್ರಾಂ, 16 ಡಿಗ್ರಿಯಲ್ಲಿ 1,085 ಗ್ರಾಂ ಬರಬೇಕು. ಹತ್ತು ಶೇಕಡಾ ಆಚೀಚೆ ಒಪ್ಪಬಹುದು. ಹೋಗುವಾಗಲೂ ಬರುವಾಗಲೂ 4 ಡಿಗ್ರಿಗೊಮ್ಮೆ ಬರೆದುಕೊಳ್ಳಿ. ಬರುವಾಗಿನ ಓದುವಿಕೆ ತೀರಾ ಕಡಿಮೆಯಾದರೆ ಸುತ್ತುಗಳು ಒಂದಕ್ಕೊಂದು ಅಥವಾ ಬುಷ್‌ಗೆ ತಿಕ್ಕುತ್ತಿವೆ.

ನಂತರ 43 ಡಿಗ್ರಿವರೆಗೆ, ಅಂದರೆ ಕೆಲಸದ ಕೋನದ 1.2 ಪಟ್ಟು, ಹತ್ತು ಸಲ ತಿರುಗಿಸಿ ಬಿಡಿ. ಇಷ್ಟಕ್ಕೆ ಒಳವ್ಯಾಸ ಇನ್ನೂ 16.3ರಷ್ಟಿರುತ್ತದೆ, ನಿಮ್ಮ ಬುಷ್‌ಗೆ ತಾಗದು. ಕಾಲಿನ ಕೋನ ಮೊದಲ ಒಂದೆರಡು ಸಲ ಚೂರು ಸರಿದು ನಿಲ್ಲಬೇಕು. ಹತ್ತನೇ ಸಲಕ್ಕೂ ಸರಿಯುತ್ತಲೇ ಇದ್ದರೆ ತಂತಿ ಮ್ಯೂಸಿಕ್ ವೈರ್ ಅಲ್ಲ, ಅಥವಾ ಓವನ್ ಅತಿಯಾಗಿದೆ. ಆಮೇಲೆ 36 ಡಿಗ್ರಿಯಲ್ಲಿ ಕ್ಲ್ಯಾಂಪ್ ಮಾಡಿ 120 ಡಿಗ್ರಿ ಓವನಿನಲ್ಲಿ ಎರಡು ಗಂಟೆ ಇಟ್ಟು, ಆರಿಸಿ ಮತ್ತೆ ತೂಗಿ.

ದಣಿವಿನ ಪರೀಕ್ಷೆಗೆ 60 ಆರ್‌ಪಿಎಂ ಗೇರ್ ಮೋಟಾರ್, ಸಣ್ಣ ಕ್ರ್ಯಾಂಕ್, ಎಣ್ಣೆಯ ಹನಿ. ಒಂದು ಸುತ್ತಿಗೆ ಎರಡೂ ಕಡೆ ಒಂದೊಂದು ಶಿಫ್ಟ್, ದಿನಕ್ಕೆ 1.7 ಲಕ್ಷ ಆಗುತ್ತದೆ. ಕಿ.ಮೀ.ಗೆ ನಾಲ್ಕು ಶಿಫ್ಟ್ ಹಿಡಿದರೂ 50,000 ಕಿ.ಮೀ.ಗೆ 2 ಲಕ್ಷ. ಹತ್ತು ಲಕ್ಷ ಆರು ದಿನದ ಕೆಲಸ, ಅಷ್ಟು ಓಡಿಸಿದರೆ ನೆಮ್ಮದಿ. ಮುಗಿದ ಮೇಲೆ ಬಾಗಿನ ಒಳಮೈಯನ್ನು ಡೈ ಪೆನೆಟ್ರೆಂಟ್ (ಬಿರುಕಿಗೆ ಇಳಿದು ತೋರಿಸುವ ಬಣ್ಣ) ಹಚ್ಚಿ ಭೂತಗನ್ನಡಿಯಲ್ಲಿ ನೋಡಿ. ಈ ಪೀಸನ್ನು ಎಂಜಿನ್‌ಗೆ ಹಾಕಬಾರದು. ಅದೇ ಬ್ಯಾಚಿನ ಇನ್ನೊಂದು ಹಾಕಿ.

---

ಕ್ಲಚ್‌ಪ್ಲೇಟ್:

ಹಾಕುವ ಮೊದಲು ಪಿನ್ ನೋಡಿ. ಹಳೆಯ ಕಾಲು ತಿಂದ ಕಚ್ಚು ಇದ್ದರೆ ಹೊಸ ಕಾಲಿಗೂ ಅಲ್ಲೇ ಗೀರು ಬೀಳುತ್ತದೆ. ಪಿನ್ ಬೋಲ್ಟ್ ಮಾದರಿಯದಾದರೆ ಸಡಿಲವಾಗಿರುವುದು ಬಹಳ ಸಾಮಾನ್ಯ. ಥ್ರೆಡ್ ಲಾಕ್ (ಬೋಲ್ಟ್ ಸಡಿಲವಾಗದಂತೆ ಹಚ್ಚುವ ಅಂಟು) ಹಾಕಿ ಬಿಗಿಯಿರಿ. ನಾಲಿಗೆ ಪಿನ್ನಿಗಿಂತ ಸವೆದು ಸಣ್ಣದಾಗಿದ್ದರೆ ಸ್ಪ್ರಿಂಗ್ ಎಷ್ಟೇ ಚೆನ್ನಾಗಿದ್ದರೂ ಲಿವರ್ ನಡುವಿನಲ್ಲಿ ಗಡಗಡ ಅನ್ನುತ್ತದೆ.

ಕವರ್ ಹಾಕದೆ, ಹಿಂದಿನ ಚಕ್ರ ತಿರುಗಿಸುತ್ತಾ ಎಲ್ಲ ಗೇರ್ ಮೇಲೆ ಕೆಳಗೆ ಹಾಕಿ ನೋಡಿ. ಪ್ರತಿ ಸಲ ಬಿಟ್ಟಾಗ ಡ್ರಮ್ ತಿರುಗಿಸುವ ಕೊಕ್ಕೆಯ ಎರಡು ತುದಿಗೂ ಡ್ರಮ್ ಪಿನ್ನಿಗೂ ನಡುವಿನ ಸಂದು ಸಮ ಇರಬೇಕು. ಒಂದು ಕಡೆ ಹೆಚ್ಚಿದ್ದರೆ ಆ ದಿಕ್ಕಿನ ಗೇರ್ ತಪ್ಪುತ್ತದೆ. ಕೆಲವು ಎಂಜಿನ್‌ಗಳಲ್ಲಿ ಸ್ಪ್ರಿಂಗಿನ ಪಿನ್ನೇ ಎಕ್ಸೆಂಟ್ರಿಕ್ (ನಡು ಒಂದು ಬದಿಗೆ ಸರಿದದ್ದು) ಇರುತ್ತದೆ, ಅದನ್ನು ತಿರುಗಿಸಿ ಸರಿಮಾಡಬಹುದು. ಇಲ್ಲದಿದ್ದರೆ ಕಾಲನ್ನು ಬಗ್ಗಿಸಿ ಸರಿಮಾಡಲು ಹೋಗದೆ ಇನ್ನೊಂದು ಪೀಸ್ ಹಾಕಿ ನೋಡಿ.

---

ಚೈನ್‌ಕವರ್:

ಪಿನ್ನಿನಲ್ಲಿ ಉಗುರಿಗೆ ಸಿಗುವಷ್ಟು ಕಚ್ಚು ಇದೆ, ಬದಲಿಸುತ್ತೇನೆ. 2.5 ಮ್ಯೂಸಿಕ್ ವೈರ್, ಮೂರೂವರೆ ಸುತ್ತು, 3 ಮಿ.ಮೀ. ಬಾಗು, ನಾಲ್ಕು ಪೀಸ್ ಅಂತ ಚಿತ್ರ ಬರೆದಿದ್ದೇನೆ. ತೂಗಿದ ಅಂಕಿಗಳನ್ನು ಇಲ್ಲೇ ಹಾಕುತ್ತೇನೆ.